ಟೊರಾಂಟೊದ ಕಲ್ಪಿತ ಅರ್ಜಿಗಳು

ಸುಶಿಕ್ಷಿತರಾದ ವಲಸಿಗರು ಕೆನಡಾ ದೇಶದಲ್ಲಿ ತಮ್ಮ ಯೋಗ್ಯತೆಗೆ ತಕ್ಕ ಉದ್ಯೋಗ ದೊರೆಯದೆ ತೊಳಲುವುದೇಕೆಂಬ ಪ್ರಶ್ನೆಗೆ, ಊಹೆ ಆಪಾದನೆಗಳ ಹಾದಿಯನ್ನು ಬಿಟ್ಟು ಪ್ರಯೋಗದಿಂದಲೇ ಉತ್ತರವನ್ನರಸಿದವರು ಟೊರಾಂಟೊ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲೊಸ್. 2009ರಲ್ಲಿ ಮೊದಲು ಹೊರಬಂದು, 2011ರಲ್ಲಿ ವಿಸ್ತೃತರೂಪದಲ್ಲಿ ಪ್ರಕಟವಾದ ಈ ಅಧ್ಯಯನಕ್ಕಾಗಿ ಸಾವಿರಾರು ಕಲ್ಪಿತ ಅರ್ಜಿಗಳು ಉದ್ಯೋಗದಾತರ ಕೈಸೇರಿದುವು. ವಿದ್ಯೆ, ಅನುಭವ, ಹೆಸರು ಇವುಗಳನ್ನು ಬದಲಿಸುತ್ತ, ಸಂದರ್ಶನದ ಕರೆ ಯಾರಿಗೆ ಬರುವುದೆಂದು ಎಣಿಸಲಾಯಿತು.

ಕೆನಡಾದಲ್ಲೇ ಓದಿ ದುಡಿದ, ಇಂಗ್ಲಿಷ್ ಹೆಸರಿನ ಅಭ್ಯರ್ಥಿಗಳಿಗೆ ನೂರಕ್ಕೆ 16ರಂತೆ ಕರೆ ಬಂದರೆ, ಅಂತಹುದೇ ಓದು ಅನುಭವಗಳಿದ್ದು ಹೆಸರು ಮಾತ್ರ ಚೀನೀ, ಭಾರತೀಯ ಅಥವಾ ಪಾಕಿಸ್ತಾನೀಯವಾಗಿದ್ದವರಿಗೆ ಬಂದದ್ದು 11. ಓದು ಅನುಭವಗಳೂ ಹೊರದೇಶದವಾದಾಗ 5. ಪರದೇಶದ ಅನುಭವವನ್ನು ಅಳೆಯುವ ಬಗೆ ತಮಗೆ ತಿಳಿಯದೆಂಬುದು ಉದ್ಯೋಗದಾತರ ಹಳೆಯ ಸಮಾಧಾನ. ಆದರೆ ಬ್ರಿಟನ್ನಿನಿಂದ ಬಂದವರ ಅರ್ಜಿಗಳಿಗೆ ಕೆನಡಾದವರಷ್ಟೇ ಮನ್ನಣೆ ದೊರೆಯಿತು. ಬ್ರಿಟನ್ನಿನ ಕಚೇರಿಗಳ ರೀತಿನೀತಿ ಪರಿಚಿತವಾದುದರಿಂದ ಹಾಗಾಯಿತೆಂದು ಯಾರಾದರೂ ವಾದಿಸಿದರೆ ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅನುಭವವೆಲ್ಲ ಕೆನಡಾದ್ದೇ ಆಗಿರುವಾಗಲೂ ಹೆಸರೊಂದರಿಂದಲೇ 16 ಎಂಬುದು 11ಕ್ಕೆ ಇಳಿಯುವುದೇಕೆಂಬುದನ್ನು ಆ ವಾದ ವಿವರಿಸಲಾರದು. ಈ ಎರಡು ಹೋಲಿಕೆಗಳನ್ನು ಒಂದರ ಮಗ್ಗುಲಲ್ಲೊಂದಿರಿಸಿ, ನೆಪಗಳಿಗೆ ಎಡೆಯೇ ಇಲ್ಲದಂತೆ ಮಾಡಿದ್ದು ಈ ಕೃತಿಯ ಪರಮಗುಣವೆಂದು ನನ್ನ ಭಾವನೆ. ನೇಮಕ ಮಾಡುವವರು ಭಾಷಾಜ್ಞಾನದ ಸಂದೇಹವನ್ನು ಮುಂದೊಡ್ಡಿದರು, ನಿಜ. ಆ ಸಂದೇಹವನ್ನು ನಿವಾರಿಸುವ ವಿವರ ಅರ್ಜಿಯಲ್ಲೇ ಇದ್ದಾಗಲೂ ಅದಕ್ಕೆ ಸಲ್ಲಬೇಕಾದ ಬೆಲೆ ಪೂರ್ತಿಯಾಗಿ ಸಲ್ಲಲಿಲ್ಲ.

ಕರೆ ಬಂದಲ್ಲಿಗೆ ಪ್ರಯೋಗ ಮುಗಿಯುತ್ತದೆ; ಸಂಬಳ, ಬಡ್ತಿ, ಕಚೇರಿಯೊಳಗಣ ಅವಮಾನ ಇವು ಅದರ ಎಟುಕಿಗೆ ಹೊರಗು. ಅದನ್ನು ದೋಷವೆನ್ನುವುದಕ್ಕಿಂತ ಮಿತಿಯೆನ್ನುವುದು ನ್ಯಾಯ.

ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಫಲಿತಾಂಶ. ನಾಲ್ಕಾರು ವರ್ಷಗಳ ಕೆನಡಾ ಅನುಭವವಿದ್ದವರಲ್ಲಿ, ಪದವಿ ಯಾವ ದೇಶದ್ದೆಂಬುದರಿಂದ ಕರೆಗಳಲ್ಲಿ ವ್ಯತ್ಯಾಸವೇ ಉಂಟಾಗಲಿಲ್ಲ. 1967ರಿಂದ ವಿದ್ಯಾರ್ಹತೆಗೆ ಅಂಕಗಳನ್ನಿತ್ತು ಜನರನ್ನು ಆರಿಸಿ ಕರೆತರುವ ರಾಷ್ಟ್ರದಲ್ಲಿ, ಆ ವಿದ್ಯೆಗೆ ಮನ್ನಣೆ ದೊರೆಯುವುದಕ್ಕೆ ಮೊದಲು ಸ್ಥಳೀಯ ಅನುಭವ ಬೇಕು. ಆ ಅನುಭವವಾದರೋ ಉದ್ಯೋಗ ಸಿಕ್ಕಿದವನಿಗೇ ಸಿಕ್ಕತಕ್ಕದ್ದು. ಕೆನಡಾದ ಅನುಭವವನ್ನು ಕಡ್ಡಾಯ ಮಾಡುವುದು ಮೇಲ್ನೋಟಕ್ಕೇ ತಾರತಮ್ಯವೆಂದು ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಸಾರಿತು. ಉದ್ಯೋಗದ ಜಾಹೀರಾತುಗಳಲ್ಲಿ ಆ ಷರತ್ತನ್ನು ಹಾಕಕೂಡದೆಂಬ ಅಲ್ಲಿಯ ಕಾನೂನು ಜಾರಿಗೆ ಬಂದುದು 2026ರ ಜನವರಿ 1ರಂದು. ಸ್ವಾಗತಾರ್ಹವಾದ ಕ್ರಮವೇ ಹೌದು. ಆದರೂ ಹೆಸರನ್ನು ಓದಿ ಅರ್ಜಿಯನ್ನು ಬದಿಗಿಡುವ ಕೈಯನ್ನು ಜಾಹೀರಾತಿನ ನಿಬಂಧನೆ ತಡೆಯಲಾರದಾದ್ದರಿಂದ, ಮೊದಲ ಪರಿಶೀಲನೆ ಮುಗಿಯುವವರೆಗೆ ಅಭ್ಯರ್ಥಿಯ ಹೆಸರನ್ನು ಮರೆಮಾಡುವ ಪದ್ಧತಿಯೂ ಅದರೊಡನೆ ಬರಬೇಕಾಗಿತ್ತು.