ಕಥನದೊಳಗಿನ ‘ನಾ’: ನರೇಗಲ್ ಸೀಮೆಯ ಕೂಸು ಮತ್ತು ಸರ್ವನಾಮಗಳ ಗ್ರಹಿಕೆ

ಎಳೆಯ ಮಕ್ಕಳು ಸರ್ವನಾಮಗಳನ್ನು ಗ್ರಹಿಸುವ ಬಗೆಯು ಭಾಷಾವಿಜ್ಞಾನಕ್ಕೆ ಮಾತ್ರ ಸೇರಿದ ಪ್ರಶ್ನೆಯೆಂದು ಭಾವಿಸಲಾಗಿದೆ. ಗದಗ ಜಿಲ್ಲೆಯ ನರೇಗಲ್ ಸೀಮೆಯಲ್ಲಿ ಕತೆ ಹೇಳುವ ಕ್ರಮವನ್ನು ಗಮನಿಸಿದರೆ ಅದು ಜಾನಪದ ಅಧ್ಯಯನದ ಪ್ರಶ್ನೆಯೂ ಹೌದೆಂಬುದು ಮನವರಿಕೆಯಾಗುತ್ತದೆ.

ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳನ್ನು ಕುರಿತ ತಮ್ಮ 2004ರ ಇಂಗ್ಲಿಷ್ ಗ್ರಂಥದಲ್ಲಿ ‘ನಾನು’, ‘ನೀನು’ಗಳಂಥ ಪದಗಳನ್ನು ಉಳಿದವುಗಳಿಂದ ಬೇರ್ಪಡಿಸಿದರು. ಅವು ಮಾತಿನಲ್ಲಿ ತೊಡಗಿದವರ ಪಾತ್ರವನ್ನು ಸೂಚಿಸುತ್ತವೆ. ‘ಅವನು’, ‘ಇವಳು’ ಮೊದಲಾದವು ‘ಆ’, ‘ಈ’ಗಳಿಂದ ರೂಪುಗೊಂಡವು. ನರೇಗಲ್ಲಿನ ಅಂವ-ಇಂವ, ಅಕಿ-ಇಕಿಗಳಲ್ಲಿ ಈ ಸಂಬಂಧ ಕಿವಿಗೇ ಕೇಳಿಸುತ್ತದೆ. ಇವನ್ನು ಬೆರಳು ಮಾಡಿ ಕಲಿಸಬಹುದು. ‘ನಾ’ ಎಂಬುದನ್ನು ಹಾಗೆ ಕಲಿಸಲಾಗದು. ಆಡುವವರು ಬದಲಾದಂತೆ ಅದು ಸೂಚಿಸುವ ವ್ಯಕ್ತಿಯೂ ಬದಲಾಗುತ್ತದೆ. ಭಟ್ಟರ ವಿಂಗಡಣೆ ಇಲ್ಲಿಯವರೆಗೆ ಸಮರ್ಪಕವಾಗಿದೆ. ಕತೆಯೊಳಗೆ ಮಾತ್ರ ಅಷ್ಟು ಸಾಲದು.

‘ನರಿ ಬಂತು, ನಾನೂ ಬರತೇನಿ ಅಂತು’ ಎಂದು ಅಜ್ಜಿ ಹೇಳುವಾಗ ಆಡುವವಳು ಅಜ್ಜಿ, ‘ನಾ’ ನರಿಯದು. ಅದನ್ನು ತಿಳಿಸುವ ‘ಅಂತು’ ಕೊನೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ಕೂಸು ‘ನಾ’ವನ್ನು ಯಾರಿಗೂ ಒಪ್ಪಿಸದೆ ಹಿಡಿದಿಟ್ಟುಕೊಳ್ಳಬೇಕು. ಅಜ್ಜಿಯ ಬದಲಾದ ದನಿ ಸ್ವಲ್ಪ ನೆರವಾಗುತ್ತದೆ, ನಿಜ. ‘ತಾನೂ ಬರತೇನಿ ಅಂತು’ ಎಂದಾಗ ತೊಡಕು ಇನ್ನೂ ಹೆಚ್ಚು: ‘ತಾನು’ ನರಿಯನ್ನು ಹೊರಗಿನಿಂದ ನೋಡುತ್ತದೆ, ಕ್ರಿಯಾಪದ ಮಾತ್ರ ನರಿಯ ಬಾಯಿಂದಲೇ ಹೊರಡುತ್ತದೆ. ಎರಡು ಪಾತ್ರಗಳು ಒಂದೇ ವಾಕ್ಯದಲ್ಲಿ ಬೆರೆಯುವ ಈ ರಚನೆಗೆ ಮೇಲಿನ ವಿಂಗಡಣೆಯೊಂದೇ ವಿವರಣೆ ನೀಡಲಾರದು.

ಇದಲ್ಲದೆ ಕನ್ನಡ ಕಥನವು ಸರ್ವನಾಮವನ್ನು ಬಿಟ್ಟೇ ಸಾಗಬಲ್ಲದು. ಹಂಗೇರಿಯನ್ ಭಾಷೆಯಲ್ಲಿಯೂ ಕ್ರಿಯಾಪದದ ಪ್ರತ್ಯಯ ಕರ್ತೃವನ್ನು ಸೂಚಿಸುತ್ತದೆ. ಆದರೆ ಅಲ್ಲಿ ಲಿಂಗಭೇದವಿಲ್ಲ. ಕನ್ನಡದ ಕೂಸಿಗೆ ‘ಬಂದ’, ‘ಬಂದಳು’, ‘ಬಂತು’ಗಳ ಆಧಾರವಿದೆ. ಇಬ್ಬರು ಗಂಡಸರಿರುವ ಕತೆಯಲ್ಲಿ ಆ ಆಧಾರವೂ ತಪ್ಪುತ್ತದೆ. ಆಗ ಹೂಂಗುಡುತ್ತಿದ್ದ ಕೂಸು ತಡೆದು ‘ಯಾರು?’ ಎನ್ನುತ್ತದೆ, ಅಜ್ಜಿ ಹೆಸರು ಹಿಡಿದು ಮತ್ತೆ ಹೇಳುತ್ತಾಳೆ. ಕಲಿಕೆ ನಡೆಯುವುದು ಇಲ್ಲಿಯೇ.

ಅನೇಕ ಜನಪದ ಕಥಾಸಂಕಲನಗಳು ಅಳಿಸಿಹಾಕಿರುವುದೂ ಇದನ್ನೇ. ಸಂಪಾದಕರು ಹೂಂಕಾರವನ್ನು ಬಿಟ್ಟಿದ್ದಾರೆ, ‘ಯಾರು?’ ಎಂಬುದನ್ನು ಅಡಚಣೆಯೆಂದು ತೆಗೆದಿದ್ದಾರೆ, ಕರ್ತೃವಿಲ್ಲದ ವಾಕ್ಯಗಳಿಗೆ ‘ಅವನು’, ‘ಅವಳು’ ಸೇರಿಸಿದ್ದಾರೆ. ‘ತಾನೂ ಬರತೇನಿ ಅಂತು’ ಎಂಬುದು ‘ತಾನೂ ಬರುವುದಾಗಿ ಹೇಳಿತು’ ಎಂದಾಗಿ ಶಿಷ್ಟವಾಗುತ್ತದೆ. ಓದಲು ಸುಲಭವಾದ ಇಂಥ ಪಠ್ಯ ಸಂಶೋಧನೆಗೆ ನಿರುಪಯುಕ್ತ. ಧ್ವನಿಮುದ್ರಣ ಉಳಿದಿರುವಲ್ಲಿ ಕೂಸಿನ ಮಾತನ್ನೂ ಸೇರಿಸಿ ಪಠ್ಯವನ್ನು ಪುನಃ ಸಿದ್ಧಪಡಿಸಲು ಸಾಧ್ಯವಿದೆ; ಕೈಬರಹದಲ್ಲಷ್ಟೇ ಸಂಗ್ರಹವಾದ ಕತೆಗಳಿಗೆ ಆ ಅವಕಾಶವಿಲ್ಲ.