ಹೇಳಿ ಬರೆಸಿದ ಹಾಡು

ಜನಪ್ರಿಯ ಹಾಡು ಬರೆಯುವವನನ್ನು ಕವಿ ಎಂದು ಒಪ್ಪಿಕೊಳ್ಳಲು ವಿಮರ್ಶೆಗೆ ಯಾವಾಗಲೂ ಸಂಕೋಚ. ಉರ್ದು ಓದಿ ಬೆಳೆದ ನಮಗೆ ಈ ಸಂಕೋಚದ ಪರಿಚಯ ಚೆನ್ನಾಗಿಯೇ ಇದೆ. ಸಾಹಿರ್ ಲುಧಿಯಾನ್ವಿ, ಮಜ್ರೂಹ್ ಸುಲ್ತಾನ್‌ಪುರಿ ಮುಶಾಯಿರಾದಲ್ಲಿ ದೊಡ್ಡ ಶಾಯರ್‌ಗಳು. ಸಿನಿಮಾಕ್ಕೆ ಬರೆದ ಕೂಡಲೇ ಕೆಲವರ ಕಣ್ಣಲ್ಲಿ ಒಂದು ಮೆಟ್ಟಿಲು ಕೆಳಗಿಳಿದರು. ಹಣ ಕೊಟ್ಟವನು ಹೇಳಿದ ಸನ್ನಿವೇಶಕ್ಕೆ, ಇನ್ನೊಬ್ಬ ಹಾಕಿದ ಧಾಟಿಗೆ ಪದ ಹೊಂದಿಸುವುದು ಕಾವ್ಯ ಹೇಗಾದೀತು ಎಂಬುದು ಆಕ್ಷೇಪ. ಈ ಆಕ್ಷೇಪವನ್ನು ಎದುರಿಗಿಟ್ಟುಕೊಂಡು ಅಮೆರಿಕದ ಜಾಝ್ ಸಂಗೀತದ ಆರಂಭಕಾಲದ ಒಬ್ಬ ಗೀತರಚನಕಾರನನ್ನು ನಾವಿಲ್ಲಿ ನೋಡಹೊರಟಿದ್ದೇವೆ. ಅವನು ಆಂಡಿ ರಜಾಫ್.

ಪೂರ್ತಿ ಹೆಸರು ಆಂಡ್ರಿಯಮನಂತೇನ ಪಾಲ್ ರಜಾಫಿನ್‌ಕರೆಫೊ. ಅದು ಮಡಗಾಸ್ಕರಿನ ಹೆಸರು. ತಂದೆ ಅಲ್ಲಿನ ಕೊನೆಯ ರಾಣಿ ಮೂರನೇ ರಾನವಲೋನಳ ಮನೆತನದವನು. ತಾಯಿ ಜೆನ್ನಿ ಅಮೆರಿಕದ ಕಪ್ಪು ಜನಾಂಗದವಳು. ಆಕೆಯ ತಂದೆ ಜಾನ್ ವಾಲರ್ ಗುಲಾಮನಾಗಿ ಹುಟ್ಟಿ, ಮಡಗಾಸ್ಕರಿಗೆ ಅಮೆರಿಕದ ಕಾನ್ಸಲ್ ಆಗುವಷ್ಟು ಬೆಳೆದವನು. 1895ರಲ್ಲಿ ಫ್ರೆಂಚರು ಆ ದ್ವೀಪದ ಮೇಲೆ ದಂಡೆತ್ತಿ ಬಂದರು. ತಂದೆ ಆ ದಾಳಿಯಲ್ಲಿ ಸತ್ತ. ಅಜ್ಜನಿಗೆ ಫ್ರೆಂಚ್ ಸೈನಿಕ ನ್ಯಾಯಾಲಯ 20 ವರ್ಷಗಳ ಸಜೆ ವಿಧಿಸಿತು; ಮರುವರ್ಷ ಬಿಡುಗಡೆಯಾಯಿತು ಎನ್ನುವುದು ಬೇರೆ ಮಾತು. ಹದಿಹರೆಯದ ಬಸುರಿ ತಾಯಿ ಅಮೆರಿಕಕ್ಕೆ ಓಡಿಬಂದಳು. ಅದೇ ವರ್ಷದ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಮಗ ಹುಟ್ಟಿದ.

ರಾಜಮನೆತನದ ಈ ಕೂಸು 16ನೇ ವಯಸ್ಸಿಗೆ ಶಾಲೆ ಬಿಟ್ಟು ನ್ಯೂಯಾರ್ಕಿನ ಒಂದು ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿತ್ತು. ಹಾಡುಗಳ ಸ್ವರಲಿಪಿ ಅಚ್ಚುಹಾಕಿ ಮಾರುವ ಪ್ರಕಾಶಕರ ಪೇಟೆ ಅದು; ಟಿನ್ ಪ್ಯಾನ್ ಅಲ್ಲಿ ಎಂದು ಕರೆಯುತ್ತಿದ್ದರು. ಪ್ರಕಾಶಕರನ್ನು ಮೇಲೆ ಕೆಳಗೆ ಸಾಗಿಸುತ್ತಲೇ ಹುಡುಗ ಹಾಡು ಬರೆದ. 1913ರಲ್ಲಿ ಮೊದಲ ಹಾಡು ಬ್ರಾಡ್ವೇ ಪ್ರದರ್ಶನವೊಂದಕ್ಕೆ ಹೋಯಿತು. ಉದ್ದನೆಯ ಹೆಸರು ಮೊಟಕಾಯಿತು.

1917ರ ಹೊತ್ತಿಗೆ ಅವನು ಹ್ಯೂಬರ್ಟ್ ಹ್ಯಾರಿಸನ್ ಸಂಪಾದಿಸುತ್ತಿದ್ದ 'ದಿ ವಾಯ್ಸ್' ಪತ್ರಿಕೆಯಲ್ಲಿ ಜನಾಂಗದ ಅವಮಾನದ ಬಗ್ಗೆ ಸಿಟ್ಟಿನ ಪದ್ಯ ಬರೆಯುತ್ತಿದ್ದ. ಪತ್ರಿಕೆಯ ಪದ್ಯ ಹೊಟ್ಟೆ ತುಂಬಿಸುವುದಿಲ್ಲ. 1920ರ ದಶಕದಲ್ಲಿ ದುಡ್ಡು ಬಂದದ್ದು ದ್ವಂದ್ವಾರ್ಥದ ಹಾಡುಗಳಿಂದ. ಈಥೆಲ್ ವಾಟರ್ಸ್‌ಗೆ 'ಮೈ ಹ್ಯಾಂಡಿ ಮ್ಯಾನ್', ಬೆಸ್ಸಿ ಸ್ಮಿತ್‌ಗೆ 'ಕಿಚನ್ ಮ್ಯಾನ್' ಬರೆದವನು ಇವನೇ. ನಮ್ಮ ಓದುಗರಲ್ಲಿ ಅನೇಕರಿಗೆ ಇವು ರುಚಿಸಲಾರವು. ನಮಗೂ ಇವುಗಳ ಬಗ್ಗೆ ಹೆಚ್ಚಿನ ಗೌರವವಿಲ್ಲ. ಆದರೆ ಮೇಲೆ ಒಂದು ಅರ್ಥ ಹೇಳಿ ಒಳಗೆ ಇನ್ನೊಂದನ್ನು ದಾಟಿಸುವ ಕಸುಬನ್ನು ಅವನು ಕಲಿತದ್ದು ಇಲ್ಲಿಯೇ. ಮುಂದೆ ಅದು ಬೇರೆ ಕೆಲಸಕ್ಕೆ ಬಂತು.

ಪಿಯಾನೋ ವಾದಕ ಫ್ಯಾಟ್ಸ್ ವಾಲರ್ ಜೊತೆ ಸೇರಿದ ಮೇಲೆ ಅವನ ಅತ್ಯುತ್ತಮ ಕಾಲ. 'ಹನಿಸಕಲ್ ರೋಸ್' ಹಾಡಿನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಕೆಲಸ ಅರ್ಧದಲ್ಲಿದ್ದಾಗ ವಾಲರ್ ಎದ್ದು ಹೋದನಂತೆ. ಆಮೇಲೆ ರಜಾಫ್ ಫೋನ್ ಮಾಡಿದರೆ ತಾನೇ ಕಟ್ಟಿದ ಧಾಟಿ ಮರೆತಿದ್ದನಂತೆ. ಪದ ಬರೆದವನೇ ರಾಗ ಮಾಡಿದವನಿಗೆ ರಾಗ ಹಾಡಿ ತೋರಿಸಬೇಕಾಯಿತು. 1929ರ 'ಏಂಟ್ ಮಿಸ್‌ಬಿಹೇವಿನ್' ಅನ್ನು ಮಾತ್ರ ನಾವು ಹಗುರವಾಗಿ ನೋಡಬಾರದು. ಅದಕ್ಕೂ ಮೊದಲು ಅಮೆರಿಕದಲ್ಲಿ ಕರಿಯರನ್ನು ಗೇಲಿ ಮಾಡುವ ಹಾಡುಗಳದೇ ಒಂದು ಪ್ರಕಾರವಿತ್ತು. ಅವುಗಳಲ್ಲಿ ಕಪ್ಪು ಗಂಡಸು ಎಂದರೆ ಸೋಮಾರಿ, ಕಳ್ಳ, ಹೆಂಗಸರ ಹಿಂದೆ ಬಿದ್ದವನು. ರಜಾಫ್‌ನ ಗಂಡಸು ಸಂಜೆ ಮನೆಯಲ್ಲೇ ಕುಳಿತು ಒಬ್ಬಳಿಗಾಗಿ ತನ್ನನ್ನು ಕಾಯ್ದುಕೊಳ್ಳುತ್ತಾನೆ. ಘೋಷಣೆಯಿಲ್ಲ, ವಾದವಿಲ್ಲ. ಕುಣಿಯುತ್ತಿದ್ದ ಬಿಳಿಯರ ಕಿವಿಗೆ ಅವನು ಒಬ್ಬ ಸಾಧಾರಣ, ಮಾನವಂತ ಮನುಷ್ಯನನ್ನು ತಲುಪಿಸಿದ.

ಈ ಹಾಡು 'ಹಾಟ್ ಚಾಕಲೇಟ್ಸ್' ಎಂಬ ಪ್ರದರ್ಶನದ್ದು. ಹಾರ್ಲೆಮ್ಮಿನ ಕಾನೀಸ್ ಇನ್ ಎಂಬ ಕ್ಲಬ್ಬಿನಲ್ಲಿ ಹುಟ್ಟಿ 1929ರ ಜೂನ್‌ನಲ್ಲಿ ಬ್ರಾಡ್ವೇಗೆ ಬಂತು. ಕ್ಲಬ್ಬಿನಲ್ಲಿ ಕುಣಿಯುವವರು, ಹಾಡುವವರು ಕಪ್ಪು ಜನ. ಮುಂದೆ ಕೂತವರು ಬಹುಪಾಲು ಬಿಳಿಯರು. ರಜಾಫ್ ಹೇಳಿಕೊಂಡಿರುವ ಪ್ರಕಾರ, ಹಣ ಹಾಕಿದ್ದ ಗೂಂಡಾ ಡಚ್ ಶುಲ್ಟ್ಸ್‌ಗೆ ಒಂದು ತಮಾಷೆಯ ಹಾಡು ಬೇಕಿತ್ತು: ಕಪ್ಪು ಹುಡುಗಿಯೊಬ್ಬಳು ತಾನು ಕಪ್ಪಾಗಿರುವುದು ಎಂಥ ದುರಂತ ಎಂದು ಗೋಳಾಡಬೇಕು, ಜನ ನಗಬೇಕು. ಆಗುವುದಿಲ್ಲ ಎಂದಾಗ ಪಿಸ್ತೂಲು ಎದುರಾಯಿತು. ರಜಾಫ್ ಬರೆದುಕೊಟ್ಟದ್ದು 'ಬ್ಲ್ಯಾಕ್ ಅಂಡ್ ಬ್ಲೂ'. ಹೊಡೆತ ತಿಂದು ಕಂದಿದ ಮೈಗೆ ಇಂಗ್ಲಿಷಿನಲ್ಲಿ ಹೇಳುವ ಮಾತು ಅದು. ಹುಟ್ಟಿನ ಕಪ್ಪು ಮತ್ತು ಏಟಿನ ಕಪ್ಪು ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿದ. ಈಡಿತ್ ವಿಲ್ಸನ್ ಬೆಳ್ಳಗಿನ ಕೋಣೆಯ, ಬೆಳ್ಳಗಿನ ಹಾಸಿಗೆಯ ದೃಶ್ಯದಲ್ಲಿ ಅದನ್ನು ಹಾಡಿದಳು. ಮೊದಲು ನಗು ಬಂತು, ಆಮೇಲೆ ಸಭೆ ಸ್ತಬ್ಧವಾಯಿತು, ಕೊನೆಗೆ ಜನ ಎದ್ದು ನಿಂತರು ಎನ್ನುತ್ತದೆ ಅವನ ಕಥೆ. ಒಂದಿಷ್ಟು ಬಣ್ಣ ಸೇರಿರಬಹುದು. ಆದರೆ ಹಾಡು ನಮ್ಮ ಮುಂದಿದೆ, ಅದು ನಗಿಸುವ ಹಾಡಲ್ಲ.

ರಂಗದ ಮೇಲೆ ಅದು ಬಣ್ಣದೊಳಗಿನ ಬಣ್ಣದ ದೂರು. ತಮ್ಮ ಗಂಡಸರು ತಿಳಿಬಣ್ಣದವಳನ್ನೇ ಹುಡುಕುತ್ತಾರೆಂದು ಕಡುಕಪ್ಪಿನ ಹೆಣ್ಣು ಅಳುತ್ತಾಳೆ. ಅದೇ ಜುಲೈನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ರೆಕಾರ್ಡ್ ಮಾಡುವಾಗ ಈ ಪೀಠಿಕೆಯನ್ನು ಬಿಟ್ಟ. ಹೆಣ್ಣಿನ ದೂರು ಇಡೀ ಜನಾಂಗದ ದೂರಾಯಿತು. ರಾಲ್ಫ್ ಎಲಿಸನ್ 1952ರಲ್ಲಿ ತನ್ನ 'ಇನ್‌ವಿಸಿಬಲ್ ಮ್ಯಾನ್' ಕಾದಂಬರಿಯ ಆರಂಭದಲ್ಲೇ ಈ ರೆಕಾರ್ಡನ್ನು ಕೇಳಿಸಿದ. ಹಾಡಿಗೆ ಲಾಭವಾಯಿತು, ನಿಜ. ಆದರೆ ಮನೆಯೊಳಗಿನ ಆ ತಾರತಮ್ಯದ ಮಾತು ಕಳೆದುಹೋಯಿತು. ಹೆಣ್ಣು ನೋಡಲು ಹೋಗಿ ಬಣ್ಣ ಕೇಳುವ ಸಮಾಜದಲ್ಲಿರುವ ನಮಗೆ ಆ ಪೀಠಿಕೆಯೂ ಬೇಕೆನಿಸುತ್ತದೆ.

ಹಾಡಿನಲ್ಲಿ ಒಂದು ಜಾಗ ನಮ್ಮನ್ನು ಚುಚ್ಚುತ್ತದೆ. ತನ್ನ ಅಂತರಂಗ ಶುದ್ಧವಾಗಿದೆ ಎಂದು ಹೇಳುವಾಗ ರಜಾಫ್ ಅದಕ್ಕೆ ಬಿಳಿಯ ಬಣ್ಣವನ್ನೇ ಕೊಡುತ್ತಾನೆ. ವ್ಯಂಗ್ಯ ಎಂದು ಸಮರ್ಥಿಸುವವರಿದ್ದಾರೆ. ಇರಬಹುದು. ಆದರೂ ನಮಗೆ ಅದರಲ್ಲಿ ಬಲ್ಲ ದನಿಯೇ ಕೇಳಿಸುತ್ತದೆ. ನಾವು ನೀವಂದುಕೊಂಡಂಥವರಲ್ಲ, ನಿಮ್ಮಂತೆಯೇ ಒಳ್ಳೆಯವರು ಎಂದು ಎದುರಿನವರ ತಕ್ಕಡಿಯಲ್ಲೇ ತೂಗಿ ತೋರಿಸುವ ದನಿ ಅದು. ಅಲ್ಪಸಂಖ್ಯಾತರಾಗಿ ಬರೆಯುವವರು ಈ ದನಿಯಲ್ಲಿ ಎಷ್ಟು ಭಾಷಣ ಮಾಡಿಲ್ಲ, ಎಷ್ಟು ಕಥೆ ಕಟ್ಟಿಲ್ಲ! ಪಿಸ್ತೂಲಿನ ಎದುರು ಬಗ್ಗದವನ ಪದದೊಳಗೂ ಆ ತಕ್ಕಡಿ ಬಂದು ಕೂತಿತ್ತು.

ಅದನ್ನು ತೆಗೆದದ್ದು ಹಾಡುಗಾರ. 1956ರಲ್ಲಿ ಆರ್ಮ್‌ಸ್ಟ್ರಾಂಗ್ ಅಕ್ರಾದಲ್ಲಿ, ಇನ್ನೂ ಸ್ವತಂತ್ರವಾಗದ ಘಾನಾದ ನಾಯಕ ಎನ್‌ಕ್ರುಮಾರ ಮುಂದೆ ಈ ಹಾಡು ಹಾಡಿದ. ಎನ್‌ಕ್ರುಮಾರ ಕಣ್ಣು ತುಂಬಿತ್ತು. 1965ರಲ್ಲಿ ಪೂರ್ವ ಬರ್ಲಿನ್ನಿನಲ್ಲಿ ಹಾಡುವಾಗ ಆ ಪದದ ಒಂದು ಅಕ್ಷರವನ್ನು ಬದಲಿಸಿದ್ದ. ಬಿಳಿ ಹೋಗಿ, ಸರಿ ಎಂಬರ್ಥದ ಮಾತು ಅಲ್ಲಿ ಕೂತಿತು. ಪ್ರಾಸ ಕೆಡಲಿಲ್ಲ.

ಹಣದ ವಿಷಯ ಹೇಳಲು ಹೆಚ್ಚೇನಿಲ್ಲ. 1929ರಲ್ಲೇ ವಾಲರ್ ತನ್ನ ಸುಮಾರು 20 ಹಾಡುಗಳ ಹಕ್ಕನ್ನು 500 ಡಾಲರಿಗೆ ಮಾರಿಬಿಟ್ಟಿದ್ದ. ನಮ್ಮಲ್ಲೂ ಸಿನಿಮಾ ಗೀತೆ ಬರೆದವರ ರಾಯಧನದ ಪಾಲನ್ನು ಕಾನೂನು ಗಟ್ಟಿಮಾಡಿದ್ದು 2012ರ ತಿದ್ದುಪಡಿಯಿಂದ. ರಜಾಫ್ ಪದ ಕೊಟ್ಟ 'ಇನ್ ದ ಮೂಡ್' ಧಾಟಿ 1939ರಿಂದ ಲೋಕಪ್ರಸಿದ್ಧವಾಯಿತು. ಗ್ಲೆನ್ ಮಿಲ್ಲರನ ಆ ರೆಕಾರ್ಡಿನಲ್ಲಿ ಪದಗಳೇ ಇಲ್ಲ, ಬರೀ ವಾದ್ಯ. 1951ರಲ್ಲಿ ಪಾರ್ಶ್ವವಾಯು ಬಡಿದು ಅವನು ಲಾಸ್ ಏಂಜಲೀಸ್‌ನಲ್ಲಿ ಗಾಲಿಕುರ್ಚಿ ಹಿಡಿದ. 1972ರಲ್ಲಿ ಗೀತರಚನಕಾರರ ಗೌರವಪಟ್ಟಿಗೆ ಹೆಸರು ಸೇರಿತು. 1973ರ ಫೆಬ್ರವರಿಯಲ್ಲಿ ತೀರಿಕೊಂಡ. ಐದು ವರ್ಷಗಳ ನಂತರ ಬ್ರಾಡ್ವೇಯಲ್ಲಿ 'ಏಂಟ್ ಮಿಸ್‌ಬಿಹೇವಿನ್' ಎಂಬ ಸಂಗೀತ ಪ್ರದರ್ಶನ ಭಾರಿ ಯಶಸ್ಸು ಕಂಡಿತು. ಜಾಹೀರಾತಿನಲ್ಲಿ ಅದನ್ನು ಫ್ಯಾಟ್ಸ್ ವಾಲರನ ಪ್ರದರ್ಶನ ಎಂದು ಕರೆದಿದ್ದರು.