ದುಡಿದು ಬಂದವರ ರಂಗಪಾಠ

ಹೆಗ್ಗೋಡಿನಲ್ಲಿ ನೀನಾಸಂ 1980ರಲ್ಲಿ ತೆರೆದ ರಂಗಶಿಕ್ಷಣ ಕೇಂದ್ರಕ್ಕೆ ಸೇರಬೇಕೆಂದರೆ ನೌಕರಿ, ಸಂಸಾರ ಎಲ್ಲ ಬದಿಗಿಟ್ಟು ಹೋಗಬೇಕು. ಅದು ಎಲ್ಲರಿಗೂ ಆಗುವ ಮಾತಲ್ಲ. ಹಾಗೆ ಹೋಗಲಾಗದವರಿಗೆ ಬೆಂಗಳೂರಿನ ವಿಜಯನಗರ ಬಿಂಬದಂಥ ಬಡಾವಣೆಯ ರಂಗಶಾಲೆಗಳೇ ಆಸರೆ. ಅಲ್ಲಿ ಕಲಿಯುವುದಾದರೂ ಏನು? ‘ನಾನು ನಾಳೆ ಬರ್ತೀನಿ’ ಎಂಬ ಮಾತನ್ನು ಒಮ್ಮೆ ‘ನಾನು’ ಮೇಲೆ, ಇನ್ನೊಮ್ಮೆ ‘ನಾಳೆ’ ಮೇಲೆ ಒತ್ತು ಕೊಟ್ಟು ಹೇಳಿ ನೋಡಿ: ಒಂದರಲ್ಲಿ ಭರವಸೆ, ಇನ್ನೊಂದರಲ್ಲಿ ಜಾರಿಕೊಳ್ಳುವ ಹುನ್ನಾರ. ನಟನೆಯ ತರಗತಿ ಪಳಗಿಸುವುದು ಈ ವ್ಯತ್ಯಾಸ ಹಿಡಿಯುವ ಕಿವಿಯನ್ನೇ. ನಟನೆ ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವುದಿಲ್ಲ ಎನ್ನುವವರಿದ್ದಾರೆ. ಆದರೆ ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ ರಂಗನಿರ್ದೇಶಕ ಬಿ.ವಿ. ಕಾರಂತರೇ ಮತ್ತೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತರಲ್ಲ! ನಲವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಎಂಬ ಕೊಂಕಿಗೂ ಉತ್ತರವಿದೆ: ಮಗನನ್ನು ಕಳೆದುಕೊಂಡ ತಂದೆಯ ಪಾತ್ರಕ್ಕೆ ಬಾಳು ಕಂಡ ದನಿಯೇ ಬೇಕು. ಕಲಿಯಲು ಹೊರಟಾಗ, ಧಾರಾವಾಹಿಯಲ್ಲಿ ಪಾತ್ರದ ಆಸೆ ತೋರಿಸಿ ಶುಲ್ಕ ಕೇಳುವ ಕಡೆ ಮಾತ್ರ ಹೋಗಬೇಡಿ.